ಕಿಲೋಫ್ಯಾರಡ್‌ನಿಂದ ಆಬ್‌ಫ್ಯಾರಡ್‌ವರೆಗೆ: ಧಾರಕತೆಯ ದೊಡ್ಡ ಮಾನಗಳನ್ನು ಪರಿವರ್ತಿಸುವುದು ಹೇಗೆ?

3 ಕಿಲೋಫ್ಯಾರಡ್ ಎಂದರೆ ಎಷ್ಟು ಮೈಕ್ರೋಫ್ಯಾರಡ್ ಎಂದು ಕೇಳಿದಾಗ ಮೂರು ಸಾವಿರ ಎಂದವರನ್ನೂ ಮೂವತ್ತು ಲಕ್ಷ ಎಂದವರನ್ನೂ ನಾನು ಎಷ್ಟೋ ಸಲ ಕಂಡಿದ್ದೇನೆ. ಸರಿಯುತ್ತರ ಮುನ್ನೂರು ಕೋಟಿ. ಗುಣಾಕಾರ ಬಾರದೆ ಆದ ತಪ್ಪಲ್ಲ ಇದು. ಮಾನದ ಹೆಸರಿನ ಮೊದಲಿಗೆ ಸೇರಿದ ಕಿಲೋ, ಮೈಕ್ರೋದಂಥ ಪೂರ್ವಪದವನ್ನು ಸರಿಯಾಗಿ ಓದದೆ, ನಡುವಿನ ಒಂದು ಮೆಟ್ಟಿಲನ್ನು ಹಾರಿ ಹೋದದ್ದರ ಫಲ.

ಮೊದಲು ಮೂಲ ಮಾನವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಒಂದು ವೋಲ್ಟ್ ವಿಭವಾಂತರದಲ್ಲಿ (ವೋಲ್ಟೇಜ್‌ನಲ್ಲಿ) ಒಂದು ಕೂಲಾಂಬ್ ವಿದ್ಯುದಾವೇಶವನ್ನು ಹಿಡಿದಿಡುವ ಕೆಪಾಸಿಟರ್‌ನ ಧಾರಕತೆ ಒಂದು ಫ್ಯಾರಡ್.

ಎರಡನೆಯ ಹೆಜ್ಜೆ ಪೂರ್ವಪದವನ್ನು ಓದುವುದು. ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ನೋಡೋಣ. ಕಿಲೋ ಎಂದರೆ ಸಾವಿರ, ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ. ಲಕ್ಷ, ಕೋಟಿಗಳಲ್ಲಿ ಎಣಿಸಿ ರೂಢಿಯಾದ ನಾವು ಮೆಗಾವನ್ನು ಲಕ್ಷವೆಂದೂ ಗಿಗಾವನ್ನು ಕೋಟಿಯೆಂದೂ ಹಿಡಿದುಬಿಡುವುದುಂಟು; ಹಾಗೆ ಹಿಡಿದರೆ ಮೆಗಾದಲ್ಲಿ ಹತ್ತು ಪಟ್ಟು, ಗಿಗಾದಲ್ಲಿ ನೂರು ಪಟ್ಟು ತಪ್ಪುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ‘ಎಂ’ ಅಕ್ಷರ. ಸಣ್ಣ ಎಂ ‘ಮಿಲಿ’ಯನ್ನೂ (ಸಾವಿರದಲ್ಲೊಂದು ಭಾಗ) ಕ್ಯಾಪಿಟಲ್ ಎಂ ‘ಮೆಗಾ’ವನ್ನೂ ಸೂಚಿಸುತ್ತದೆ; ಇವೆರಡರ ನಡುವಿನ ಅಂತರ 10⁹ ಪಟ್ಟು. ಹತ್ತು ಲಕ್ಷದಲ್ಲೊಂದು ಭಾಗವಾದ ಮೈಕ್ರೋಗೆ ಗ್ರೀಕ್‌ನ ಮ್ಯೂ ಅಕ್ಷರವಿದ್ದರೂ ಹಳೆಯ ಕೆಪಾಸಿಟರ್‌ಗಳ ಮೇಲೆ ಅದರ ಬದಲು ಎಂ ಅಕ್ಷರವನ್ನೇ ಬಳಸಿ ‘ಎಂಎಫ್‌ಡಿ’ ಎಂದು ಅಚ್ಚೊತ್ತಿರುತ್ತಾರೆ. ‘100 ಎಂಎಫ್‌ಡಿ’ ಎಂದು ಕಂಡರೆ ಅದು 100 ಮೈಕ್ರೋಫ್ಯಾರಡ್, ಮೆಗಾಫ್ಯಾರಡ್ ಅಲ್ಲವೇ ಅಲ್ಲ. ಹಾಗೆಂದು ಓದಿದರೆ 10¹² ಪಟ್ಟು ಏರುಪೇರಾಗುತ್ತದೆ. ಎಂ ಅಕ್ಷರ ಎರಡು ಸಲ ಬಂದು ‘ಎಂಎಂಎಫ್‌ಡಿ’ ಎಂದಿದ್ದರೆ ಅದು ಮೈಕ್ರೋ-ಮೈಕ್ರೋ, ಅಂದರೆ ಇಂದಿನ ಪಿಕೋಫ್ಯಾರಡ್ (10⁻¹² ಫ್ಯಾರಡ್). ಸಂದೇಹ ಬಂದಾಗ ವಸ್ತುವಿನ ಗಾತ್ರವನ್ನು ನೋಡಿ. 3,000 ಫ್ಯಾರಡ್, 2.7 ವೋಲ್ಟ್‌ನ ಸೂಪರ್ ಕೆಪಾಸಿಟರ್ ಸುಮಾರು 14 ಸೆಂ.ಮೀ. ಉದ್ದ, 6 ಸೆಂ.ಮೀ. ವ್ಯಾಸದ ಡಬ್ಬಿಯಂತಿರುತ್ತದೆ. ಒಂದು ಮೆಗಾಫ್ಯಾರಡ್ ಬೇಕೆಂದರೆ ಅಂಥ 334 ಡಬ್ಬಿಗಳನ್ನು ಸಮಾಂತರವಾಗಿ ಜೋಡಿಸಬೇಕು. ಕಿರುಬೆರಳಿನ ಗಾತ್ರದ ಕೆಪಾಸಿಟರ್ ಮೇಲೆ ಆ ಬೆಲೆ ಇರಲು ಸಾಧ್ಯವೇ ಇಲ್ಲ.

ಅಕ್ಷರದ ದೊಡ್ಡದು ಚಿಕ್ಕದನ್ನು ಗಮನಿಸದ ಪರಿವರ್ತಕ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಮಾನದ ಪೂರ್ಣ ಹೆಸರನ್ನು ಪಟ್ಟಿಯಿಂದ ಆರಿಸಲು ಬಿಡುವಂಥದ್ದಾದರೆ ಮಾತ್ರ ನಂಬಿ.

ಮೂರನೆಯ ಹೆಜ್ಜೆಯಲ್ಲಿ ಕೊಟ್ಟ ಬೆಲೆಯನ್ನು ಫ್ಯಾರಡ್‌ಗೆ ಇಳಿಸಿ, ನಾಲ್ಕನೆಯದರಲ್ಲಿ ಅಲ್ಲಿಂದ ಬೇಕಾದ ಮಾನಕ್ಕೆ ಹೋಗಿ. ಕಿಲೋದಿಂದ ಮೈಕ್ರೋಗೆ ನೇರವಾಗಿ ಜಿಗಿಯುವ ಅಡ್ಡದಾರಿ ಬೇಡ. 3 ಕಿಲೋಫ್ಯಾರಡ್ ಎಂದರೆ 3 × 10³ ಫ್ಯಾರಡ್. ಒಂದು ಫ್ಯಾರಡ್‌ಗೆ 10⁶ ಮೈಕ್ರೋಫ್ಯಾರಡ್. ಘಾತಗಳನ್ನು ಕೂಡಿಸಿದರೆ 3 × 10⁹ ಮೈಕ್ರೋಫ್ಯಾರಡ್. ಸೊನ್ನೆಗಳನ್ನು ಸಾಲಾಗಿ ಬರೆಯದೆ ಹತ್ತರ ಘಾತದಲ್ಲೇ ಬರೆಯಿರಿ, ಪ್ರತಿ ಸಾಲಿನಲ್ಲೂ ಮಾನದ ಹೆಸರನ್ನು ಬಿಡದೆ ಬರೆಯಿರಿ. ಕೊನೆಗೆ ಒಂದು ಪರೀಕ್ಷೆ: ದೊಡ್ಡ ಮಾನಕ್ಕೆ ಹೋದಾಗ ಅಂಕಿ ಚಿಕ್ಕದಾಗಬೇಕು, ಚಿಕ್ಕ ಮಾನಕ್ಕೆ ಹೋದಾಗ ದೊಡ್ಡದಾಗಬೇಕು. ಹಾಗಾಗದಿದ್ದರೆ ಗುಣಿಸಬೇಕಾದಲ್ಲಿ ಭಾಗಿಸಿದ್ದೀರಿ ಎಂದರ್ಥ.

ಹಳೆಯ ಗ್ರಂಥಗಳಲ್ಲಿ ಸಿಗುವ, ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿಯ ಮಾನವಾದ ಆಬ್‌ಫ್ಯಾರಡ್‌ಗೂ ಇದೇ ದಾರಿ. ಆಬ್‌ಕೂಲಾಂಬ್ ಎಂದರೆ 10 ಕೂಲಾಂಬ್, ಆಬ್‌ವೋಲ್ಟ್ ಎಂದರೆ 10⁻⁸ ವೋಲ್ಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಆಬ್‌ಫ್ಯಾರಡ್ 10⁹ ಫ್ಯಾರಡ್, ಅಂದರೆ ಸರಿಯಾಗಿ ಒಂದು ಗಿಗಾಫ್ಯಾರಡ್ ಎಂದು ತಿಳಿಯುತ್ತದೆ. ಹೀಗೆ ಒಮ್ಮೆ ಕೈಯಾರೆ ಭಾಗಿಸಿ ನೋಡಿದವರು ಆ ಸಂಖ್ಯೆಯನ್ನು ಮರೆಯುವುದಿಲ್ಲ. ನಮ್ಮ 3,000 ಫ್ಯಾರಡ್‌ನ ಡಬ್ಬಿ ಈ ಲೆಕ್ಕದಲ್ಲಿ 3 × 10⁻⁶ ಆಬ್‌ಫ್ಯಾರಡ್. ಹೆಸರು ಹತ್ತಿರವಿದೆಯೆಂದು ಇದನ್ನು ಸ್ಟ್ಯಾಟ್‌ಫ್ಯಾರಡ್‌ನೊಂದಿಗೆ ಬೆರೆಸಬೇಡಿ. ಅದು ಸುಮಾರು 1.11 ಪಿಕೋಫ್ಯಾರಡ್‌ನಷ್ಟು ಚಿಕ್ಕ ಮಾನ.

ಸೂಪರ್ ಕೆಪಾಸಿಟರ್ ಕೊಳ್ಳುವವರು ಫ್ಯಾರಡ್‌ನಿಂದ ಆಂಪಿಯರ್-ಗಂಟೆಗೆ ಪರಿವರ್ತನೆ ಕೇಳುತ್ತಾರೆ. ಆಂಪಿಯರ್-ಗಂಟೆ ಆವೇಶದ ಮಾನ (3,600 ಕೂಲಾಂಬ್), ಆದ್ದರಿಂದ ಇದು ಮಾನದ ಪರಿವರ್ತನೆಯಲ್ಲ. ಧಾರಕತೆಯಿಂದ ಆವೇಶ ತಿಳಿಯಲು ವೋಲ್ಟೇಜ್ ಬೇಕೇ ಬೇಕು. 3,000 ಫ್ಯಾರಡ್ ಅನ್ನು 2.7 ವೋಲ್ಟ್‌ನಿಂದ ಗುಣಿಸಿದರೆ 8,100 ಕೂಲಾಂಬ್, ಅದನ್ನು 3,600ರಿಂದ ಭಾಗಿಸಿದರೆ 2.25 ಆಂಪಿಯರ್-ಗಂಟೆ. ಆದರೆ ಅಷ್ಟೂ ಆವೇಶವನ್ನು ತೆಗೆಯುವ ಹೊತ್ತಿಗೆ ವೋಲ್ಟೇಜ್ ಸೊನ್ನೆಗೆ ಇಳಿದಿರುತ್ತದೆ. ಹೀಗಾಗಿ ಬ್ಯಾಟರಿಯ ಆಂಪಿಯರ್-ಗಂಟೆಯ ಜೊತೆ ಇದನ್ನು ಹೋಲಿಸದೆ, ಶಕ್ತಿಯನ್ನೇ ಲೆಕ್ಕ ಹಾಕಿ: ಧಾರಕತೆಯನ್ನು ವೋಲ್ಟೇಜ್‌ನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ 10,935 ಜೂಲ್, ಅಂದರೆ ಸುಮಾರು 3 ವ್ಯಾಟ್-ಗಂಟೆ. ವೋಲ್ಟೇಜ್ ನಮೂದಿಸದೆ ಫ್ಯಾರಡ್ ಅಂಕಿಯನ್ನಷ್ಟೇ ದಪ್ಪಕ್ಷರದಲ್ಲಿ ತೋರಿಸುವ ಸರಕನ್ನು ಕೊಳ್ಳಲೇಬೇಡಿ.

ಉತ್ತರವನ್ನು ಮೂರು ಸಾರ್ಥಕ ಅಂಕಿಗಳಿಗೆ ಮೊಟಕುಗೊಳಿಸಿ. ಕೆಪಾಸಿಟರ್‌ನ ನಿಜವಾದ ಧಾರಕತೆ ಅದರ ಮೇಲೆ ಬರೆದ ಬೆಲೆಗಿಂತ ಶೇ 10, ಶೇ 20ರಷ್ಟು ಅತ್ತಿತ್ತ ಇರುವುದು ಸಾಮಾನ್ಯವಾದ್ದರಿಂದ, ಪರಿವರ್ತಕ ತೋರಿಸುವ ಹನ್ನೆರಡು ದಶಾಂಶ ಸ್ಥಾನಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳಬೇಕಾಗಿಲ್ಲ.