ದಿನಬಳಕೆಗೂ ಎಸೆತಕ್ಕೂ ಒಂದೇ ಚಾಕು

ಗುರಿಗೆ ಚಾಕು ಎಸೆಯುವ ಆಟಕ್ಕೆ ತರಕಾರಿ ಹೆಚ್ಚುವ ಚಾಕುವನ್ನು ಬಳಸಲು ಹೋಗಬೇಡಿ. ಅದರ ಉಕ್ಕು ತೆಳು, ಗಡಸು (ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ ಸುಮಾರು 55–60). ಅಡ್ಡ ಬಿದ್ದರೆ ಮೊನೆ ಚಟ್ಟನೆ ಮುರಿಯುತ್ತದೆ. ಮಡಚುವ ಚಾಕುವಂತೂ ಬೇಡವೇ ಬೇಡ, ನಾಲ್ಕು ಪೆಟ್ಟಿಗೆ ಕೀಲು ಸಡಿಲ.

ದಿನಬಳಕೆ, ಎಸೆತ ಎರಡಕ್ಕೂ ಒದಗುವುದು ತುದಿಯಿಂದ ಹಿಡಿಯ ಕೊನೆವರೆಗೆ ಒಂದೇ ಉಕ್ಕಿನ ಪಟ್ಟಿಯಲ್ಲಿ ಮಾಡಿದ, ತೋಟಕ್ಕೂ ಕ್ಯಾಂಪಿಗೂ ಬಳಸುವ ಚಾಕು. ಒಟ್ಟು ಉದ್ದ 25–30 ಸೆಂ.ಮೀ., ದಪ್ಪ 4–5 ಮಿ.ಮೀ., ತೂಕ 200–300 ಗ್ರಾಂ ಇರಲಿ. ತುಕ್ಕು ಹಿಡಿದರೂ ಚಿಂತೆಯಿಲ್ಲ, ಕಾರ್ಬನ್ ಸ್ಟೀಲ್ ಒಳ್ಳೆಯದು: ಸರಿಯಾಗಿ ಹದ ಮಾಡಿದ್ದರೆ ಬಾಗುತ್ತದೆ, ಮುರಿಯುವುದಿಲ್ಲ. ಮರದ ಹಿಡಿ ಬೇಗ ಸೀಳುತ್ತದೆ. ಅದನ್ನು ಬಿಚ್ಚಿ ಹಗ್ಗ ಸುತ್ತಿ, ಹೊರಗೆ ಗಂಟು ಉಳಿಯಬಾರದು. ಬೆರಳಿಗೆ ತಡೆದರೆ ಎಸೆತ ವಾಲುತ್ತದೆ.

ಕೊಳ್ಳುವ ಮುನ್ನ ಒಂದು ಬೆರಳ ಮೇಲೆ ಅಡ್ಡಲಾಗಿ ಇಟ್ಟು ನೋಡಿ. ನಡುವಿನ ಹತ್ತಿರ ಸಮತೋಲದಲ್ಲಿ ನಿಂತರೆ, ಎಸೆದಾಗ ಗಾಳಿಯಲ್ಲಿ ಅದರ ತಿರುಗು ಹದವಾಗಿರುತ್ತದೆ. ಅಲಗಿನ ಹರಿತ ಎಸೆತಕ್ಕೆ ಬೇಕಿಲ್ಲ, ಮೊನೆಯಷ್ಟೇ ಸಾಕು.

ಗುರಿಗೆ ಮೆತ್ತನೆ ಮರದ ದುಂಡು ತುಂಡು, ಕಡಿದ ಮುಖ ನಿಮ್ಮತ್ತ. ಹಿಡಿಯನ್ನು ಹಿಡಿದು ಸುಮಾರು 3–4 ಮೀಟರ್ ದೂರದಿಂದ ಶುರುಮಾಡಿ. ಮೊನೆ ಮೇಲಕ್ಕಿದ್ದು ಬಡಿದರೆ ತಿರುಗು ಸಾಲದು, ಅರ್ಧ ಹೆಜ್ಜೆ ಹಿಂದೆ ಸರಿಯಿರಿ, ಕೆಳಕ್ಕಿದ್ದರೆ ಮುಂದೆ. ಪುಟಿದ ಚಾಕು ನಿಮ್ಮತ್ತಲೇ ಬರಬಹುದು: ಶೂ, ಕಣ್ಣು ಕಾಯುವ ಕನ್ನಡಕ ಬಿಡಬೇಡಿ, ಸುತ್ತ ಯಾರೂ ನಿಂತಿರಬಾರದು. ಪ್ರತಿ ಆಟದ ನಂತರ ಅಲಗಿನ ಮೇಲೆ ಎದ್ದ ಉಕ್ಕಿನ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅಂಗೈ ಕೊಯ್ಯುತ್ತದೆ.