ಅನ್ನವೋ ಅಕ್ಕಿಯೋ? ಏಜೆಂಟ್‌ಗೆ ಬಿಡಿಸಿ ಹೇಳಿದ ಮೇಲೆ ಸರಿಹೋಯಿತು

ಊಟದ ಲೆಕ್ಕ ಬರೆದಿಡಲು ಒಂದು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಸಹಾಯಕ) ಮಾಡಿಕೊಂಡಿದ್ದೆ. "ಮಧ್ಯಾಹ್ನ 200 ಗ್ರಾಂ ಅನ್ನ, ಸಾರು" ಅಂದರೆ ಅದು ನಾನು ಕೊಟ್ಟ ಟೂಲ್ (ಲೆಕ್ಕಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬಳಸಿ ದಾಖಲಿಸಬೇಕು. ನೋಡಿದರೆ ಅನ್ನಕ್ಕೇ 700 ಕ್ಯಾಲೊರಿ! ಏಜೆಂಟ್ ಹಿಂದಿರುವ ಎಐ ಮಾಡೆಲ್ ಸರಿಯಿಲ್ಲ ಅಂತ ಎರಡು ದಿನ ಸುಮ್ನೆ ಬೈದೆ.

ತಪ್ಪು ನನ್ನದೇ. ಟೂಲ್‌ನ ವಿವರಣೆಯಲ್ಲಿ "ಆಹಾರ ಸೇರಿಸುತ್ತದೆ" ಅಂತ ಎರಡೇ ಪದ ಬರೆದಿದ್ದೆ. ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ. ಕಾಣುವುದು ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳು (ಟೂಲ್‌ಗೆ ತುಂಬಿ ಕೊಡಬೇಕಾದ ಮಾಹಿತಿ), ಅಷ್ಟೇ. ಹಾಗಾಗಿ ಅನ್ನವನ್ನು ಅಕ್ಕಿಯ ಲೆಕ್ಕಕ್ಕೆ ಹಾಕಿತ್ತು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130.

ಈಗ ವಿವರಣೆ ಉದ್ದವಾಗಿದೆ. ತೂಕ ಗ್ರಾಂನಲ್ಲೇ ಇರಲಿ. "ಹಸಿ" ಅಥವಾ "ಬೆಂದದ್ದು", ಎರಡರಲ್ಲೊಂದು ಕಡ್ಡಾಯ. ಗೊತ್ತಾಗದಿದ್ದರೆ ಊಹಿಸಬೇಡ, ಕೇಳು. ಹಳೆಯದನ್ನು ತಿದ್ದಲು ಬೇರೆ ಟೂಲ್ ಇದೆ ಅನ್ನುವುದನ್ನೂ ಸೇರಿಸಿದೆ. ಮೊದಲು "ಎರಡಲ್ಲ, ಮೂರು ಇಡ್ಲಿ" ಅಂದರೆ ಒಟ್ಟು ಐದು ಬರೆಯುತ್ತಿತ್ತು. ನಾನು ಅಷ್ಟು ತಿನ್ನುವವನಲ್ಲ!

ಇನ್ನೊಂದು ಕಾಟ: ಬೆಳಗಿನ 5 ಗಂಟೆಯ ಕಾಫಿ ನಿನ್ನೆಯ ಖಾತೆಗೆ ಹೋಗುತ್ತಿತ್ತು. ಸರ್ವರ್ ಯುಟಿಸಿ ಸಮಯದಲ್ಲಿತ್ತು (ಅದು ಜಗತ್ತಿಗೆಲ್ಲ ಆಧಾರವಾದ ಸಮಯ), ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ ಅಲ್ವಾ. ದಿನಾಂಕವನ್ನು ಭಾರತೀಯ ಸಮಯದ ಪ್ರಕಾರ ಕಳಿಸು ಅಂತ ಒಂದು ಸಾಲು ಬರೆದೆ, ಉದಾಹರಣೆ ಸಮೇತ. ಕಾಫಿ ಇವತ್ತಿಗೇ ಬಂತು.