ಜಾಮ್ ಆಗಿದ್ದ ಎಚ್‌ಎಂಟಿ 2511: ಗ್ರೀಸ್ ಗನ್‌ನಲ್ಲಿ ಬಿಡಿಸಿದ ನನ್ನ ಅನುಭವ

ಎಚ್‌ಎಂಟಿ 2511 ಅಂದರೆ ಹಳಬರಿಗೆ ಗೊತ್ತು. ಎಚ್‌ಎಂಟಿಯವರು ಜೆಕೊಸ್ಲೊವಾಕಿಯಾದ ಜೀಟರ್ ಕಂಪನಿ ಜೊತೆ ಸೇರಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಶುರುಮಾಡಿದ ಟ್ರ್ಯಾಕ್ಟರ್. ಎರಡು ಸಿಲಿಂಡರ್, 25 ಎಚ್‌ಪಿ. ಮಂಡ್ಯದ ಹತ್ತಿರ ಕೊಟ್ಟಿಗೆ ಹಿಂದೆ ನಿಂತಿದ್ದ ಒಂದನ್ನು ನಲವತ್ತು ಸಾವಿರದ ಆಸುಪಾಸಿಗೆ ತಂದೆ. ಸೈಲೆನ್ಸರ್ ಬಾಯಿ ಮುಚ್ಚಿರಲಿಲ್ಲ. ಏಳೆಂಟು ಮಳೆಗಾಲದ ನೀರು ತೆರೆದ ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡೋ ಬಾಗಿಲು) ದಾಟಿ ಒಂದು ಸಿಲಿಂಡರಿಗೆ ಇಳಿದು, ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿತ್ತು. ಮೆಕ್ಯಾನಿಕ್‌ಗಳದ್ದೆಲ್ಲ ಒಂದೇ ಮಾತು: "ಗುಜರಿಗೆ ಹಾಕಣ್ಣ, ಸುಮ್ನೆ ಯಾಕೆ ದುಡ್ಡು ಕಳೀತೀಯ?"

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಭಾಗ) ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಸುರಿದು ವಾರಗಟ್ಟಲೆ ಬಿಟ್ಟೆ. ಅಲುಗಲಿಲ್ಲ. ಸಿಲಿಂಡರಿನ ಮೇಲ್ಮುಚ್ಚಳ, ಅಂದರೆ ಹೆಡ್ ಇಳಿಸಿ, ಮರದ ತುಂಡು ಇಟ್ಟು ಬಡಿದೆ. ತುಂಡು ಸೀಳಿತು, ಪಿಸ್ಟನ್ ಇದ್ದಲ್ಲೇ ಇತ್ತು. ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸು ಅಂದರು. ನಾನು ಒಪ್ಪಲಿಲ್ಲ. ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಿದರೆ ತಂದುಕೊಡೋರು ಯಾರು? 2016ರಲ್ಲಿ ಕೇಂದ್ರ ಸರ್ಕಾರ ಪಿಂಜೋರಿನ ಟ್ರ್ಯಾಕ್ಟರ್ ಘಟಕ ಮುಚ್ಚೋಕೆ ಒಪ್ಪಿಗೆ ಕೊಟ್ಟ ಮೇಲೆ ಬಿಡಿಭಾಗ ಹುಡುಕೋದೇ ದೊಡ್ಡ ಕೆಲಸ.

ಆಮೇಲೆ ಗ್ರೀಸ್ ಗನ್ ಹಿಡಿದೆ, ಹಿಡಿಕೆ ಒತ್ತಿ ಗ್ರೀಸ್ ತುಂಬೋ ಕೈಪಂಪು. ಹೆಡ್ಡನ್ನು ಹಳೇ ಗ್ಯಾಸ್ಕೆಟ್ ಸಮೇತ ಕೂರಿಸಿ ಬಿಗಿದೆ. ವಾಲ್ವ್ ಒತ್ತಿ ತೆರೆಯೋ ರಾಕರ್ ಹಾಕಲಿಲ್ಲ, ವಾಲ್ವ್ ಎಲ್ಲ ಮುಚ್ಚಿರಬೇಕಲ್ವಾ. ಹಾಳಾದ ನಾಜಲ್ ಒಂದಕ್ಕೆ ಲೇತ್‌ನಲ್ಲಿ ಗನ್ನಿನ ಬಾಯಿ ಕಚ್ಚಿಕೊಳ್ಳೋ ಗ್ರೀಸ್ ನಿಪ್ಪಲ್ ಕೂರಿಸಿದೆ, ಇನ್ನೂರೈವತ್ತು ಕೊಟ್ಟ ನೆನಪು. ಸಿಲಿಂಡರಿಗೆ ಎಣ್ಣೆ ತುಂಬಿಸಿ, ಗಾಳಿ ಹೋದ ಮೇಲೆ ಪಂಪ್ ಮಾಡಿದೆ. ಎಣ್ಣೆಗೆ ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸಿಲಿಂಡರಿನ ಒಳ ಅಗಲ, ಅಂದರೆ ಬೋರ್, 95 ಮಿಮೀ. ಚದರ ಸೆಂಟಿಮೀಟರಿಗೆ ನೂರು ಕೆಜಿ ಒತ್ತಡ ಬಂದರೂ ಪಿಸ್ಟನ್ ತಲೆ ಮೇಲೆ ಏಳು ಟನ್ ಕೂರುತ್ತೆ. ಸುತ್ತಿಗೆ ಏಟಿಗೆ ಆ ತೂಕ ಎಲ್ಲಿಂದ ಬರಬೇಕು? ಪಿಸ್ಟನ್ ನಡುದಾರಿಯಲ್ಲಿ ನಿಂತಿದ್ದು ನನ್ನ ಪುಣ್ಯ, ತೀರಾ ಮೇಲೆ ನಿಂತಿದ್ದರೆ ಈ ಆಟ ನಡೆಯೋದಿಲ್ಲ.

ಹಿಡಿಕೆ ಬಿಗಿದು ನಿಂತಿತು. ಹಾಗೇ ಬಿಟ್ಟು ಊಟಕ್ಕೆ ಹೋದೆ. ಬಂದು ಮತ್ತೆ ಒತ್ತಿದಾಗ ಟಕ್ ಅಂತು, ಹಿಡಿಕೆ ಹಗುರಾಯಿತು. ಎಂಜಿನ್ ಜೊತೆ ತಿರುಗೋ ಫ್ಲೈವೀಲ್ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆ ಬೆರಳಗಲ ಸರಿದಿತ್ತು. ಗುಜರಿ ಅಂದವರನ್ನೆಲ್ಲ ಫೋನ್ ಮಾಡಿ ಕರೆದೆ!

ಈ ಮಧ್ಯೆ ತುಕ್ಕು ಹಿಡಿದ ಡೀಸೆಲ್ ಟ್ಯಾಂಕಿಗೆ, ತುಕ್ಕು ಬಿಡಿಸೋಕೆ, ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯೋ ಪಾಕ) ಹಾಕಿ ನೋಡಿದೆ. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಎರಡು ವಾರ. ಇರುವೆ, ವಾಸನೆ ಎರಡೂ ಜಾಸ್ತಿ. ಆದರೆ ಒಳಗೆ ಬೂದು ಬಣ್ಣದ ತಗಡು ಕಂಡಿತು. ಆಸಿಡ್‌ಗಿಂತ ವಾಸಿ.

ಲೈನರ್, ಪಿಸ್ಟನ್, ಬೇರಿಂಗ್, ಡೀಸೆಲ್ ಪಂಪಿನ ಕೆಲಸ ಸೇರಿ ಇನ್ನೊಂದು ನಲವತ್ತೈದು ಸಾವಿರ ಹೋಯಿತು. ಪಂಪಿನವನೇ ಜಾಸ್ತಿ ಕಿತ್ತ. ಈಗ ಕಬ್ಬಿನ ಟ್ರೇಲರ್ ಎಳೀತಿದೆ. ಹಿಂದಿನ ಹೈಡ್ರಾಲಿಕ್ ಲಿಫ್ಟ್ ಮಾತ್ರ ಎತ್ತಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೆ, ಅದನ್ನು ಬೇಸಿಗೆಯಲ್ಲಿ ಬಿಚ್ಚುತ್ತೇನೆ.